ಸ್ಟೀವಿಯಾ ಹಾಕಿಕೊಂಡರೆ ಇನ್ಸುಲಿನ್ ಇಳಿಯುತ್ತದಾ?

ಪ್ರಶ್ನೆ: ನನಗೆ 41 ವರ್ಷ, ತೂಕ 96 ಕಿಲೋ. ಖಾಲಿ ಹೊಟ್ಟೆಯ ಶುಗರ್ 98 ಇದೆ. ಆದರೆ ಇನ್ಸುಲಿನ್ ಜಾಸ್ತಿ ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಟೀಗೆ ಸಕ್ಕರೆ ಬಿಟ್ಟು ಸ್ಟೀವಿಯಾ ಪುಡಿ ಹಾಕಿಕೊಳ್ಳುತ್ತಿದ್ದೇನೆ. ಗಿಡದಿಂದ ಬಂದದ್ದು ತಾನೇ, ಭಯವಿಲ್ಲ ಅಲ್ವಾ? ನಾಲಿಗೆಗೆ ಸಿಹಿ ತಗುಲಿದರೆ ಸಾಕು, ಇನ್ಸುಲಿನ್ ಏರುತ್ತದೆ ಅಂತಾರೆ, ನಿಜವಾ? ಇನ್ಸುಲಿನ್ ಚುಚ್ಚಿಕೊಳ್ಳುವ ನಮ್ಮ ತಂದೆಯೂ ಇದನ್ನೇ ಬಳಸುತ್ತಾರೆ.

ಉತ್ತರ: ಸಕ್ಕರೆ ಬಿಟ್ಟಿದ್ದೀರಲ್ಲ, ತುಂಬಾ ಒಳ್ಳೆಯದು. ಮೈ ತೂಕ ಹೆಚ್ಚಾದಾಗ ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸಿ ಶುಗರನ್ನು ಹಿಡಿದಿಡುತ್ತದೆ. ನಿಮ್ಮ 98ರ ಹಿಂದೆ ಈ ದುಡಿತ ಇದೆ.

ಸ್ಟೀವಿಯಾದ ಸಿಹಿ ಅಂಶ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ, ಉಳಿದ ಸ್ಟೀವಿಯಾಲ್ ಎಂಬ ಅಂಶ ಲಿವರ್ ದಾಟಿ ಮೂತ್ರದಲ್ಲಿ ಹೋಗುತ್ತದೆ. ನಾಲಿಗೆಯ ಸಿಹಿಗೆ ಕೆಲವರಲ್ಲಿ ಇನ್ಸುಲಿನ್ ಒಂದಿಷ್ಟು ಅಲುಗಬಹುದು, ಆದರೆ ಸಕ್ಕರೆ ತಿಂದಾಗಿನ ಏರಿಕೆಯ ಮುಂದೆ ಅದು ಲೆಕ್ಕಕ್ಕಿಲ್ಲ. 2010ರ ಒಂದು ಅಧ್ಯಯನದಲ್ಲಿ 19 ತೆಳ್ಳಗಿನವರಿಗೂ 12 ಬೊಜ್ಜಿದ್ದವರಿಗೂ ಊಟಕ್ಕೆ ಮುಂಚೆ ಸ್ಟೀವಿಯಾ ಅಥವಾ ಸಕ್ಕರೆ ಬೆರೆಸಿದ ತಿನಿಸು ಕೊಟ್ಟರು. ಸ್ಟೀವಿಯಾ ತಿಂದ ದಿನ ಊಟದ ನಂತರದ ಶುಗರ್, ಇನ್ಸುಲಿನ್ ಎರಡೂ ಕಡಿಮೆ ಇದ್ದವು. ಇದನ್ನು ಎಲೆಯ ಮಹಿಮೆ ಅಂದುಕೊಳ್ಳಬೇಡಿ. ಸಕ್ಕರೆ ತಪ್ಪಿದ್ದರಿಂದಲೇ ಬಹುಪಾಲು ಲಾಭ.

ನನ್ನ ಹತ್ತಿರ ಬರುವವರಿಗೆ ನಾನು ಪ್ಯಾಕೆಟ್ಟನ್ನೇ ತರಲು ಹೇಳುತ್ತೇನೆ. ಮುಂದೆ ಹಸಿರು ಎಲೆಯ ಚಿತ್ರ ಇರುತ್ತದೆ. ಹಿಂದೆ ಸಣ್ಣಕ್ಷರದಲ್ಲಿ ಮೊದಲ ಹೆಸರೇ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್! ಸ್ಟೀವಿಯಾ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಚಮಚದಲ್ಲಿ ಅಳೆಯಲು ಸಿಗಲಿ ಎಂದು ಇವನ್ನು ತುಂಬಿಸುತ್ತಾರೆ. ಇವೆರಡೂ ಶುಗರ್ ಏರಿಸುವಂಥವೇ. ತುಂಬಿಸಿದ್ದು ಎರಿಥ್ರಿಟಾಲ್ ಅಂತಿದ್ದರೆ ಶುಗರ್ ಏರುವುದಿಲ್ಲ, ಜಾಸ್ತಿಯಾದರೆ ಹೊಟ್ಟೆ ಕೆಡಬಹುದು. ಇನ್ನು ಜೇನುತುಪ್ಪ, ಅಗೇವ್ (ಕತ್ತಾಳೆ ಜಾತಿಯ ಗಿಡ) ಸಿರಪ್ ಕೂಡ ಪ್ರಕೃತಿಯ ಕೊಡುಗೆಯೇ, ಆದರೆ ಅವು ಸಕ್ಕರೆಯೇ.

ಸ್ಟೀವಿಯಾದ ದಿನದ ಮಿತಿ, ಸ್ಟೀವಿಯಾಲ್ ಲೆಕ್ಕದಲ್ಲಿ, ಕಿಲೋ ತೂಕಕ್ಕೆ 4 ಮಿಲಿಗ್ರಾಂ. ಮೂರು ಕಪ್ ಟೀಗೆ ಅದರ ಹತ್ತಿರವೂ ಹೋಗುವುದಿಲ್ಲ.

ತೂಕದ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನಂಬಬೇಡಿ ಎಂದಿತು, ಸ್ಟೀವಿಯಾ ಸೇರಿಸಿಯೇ. ಟೀಯಲ್ಲಿ ಸಕ್ಕರೆ ಉಳಿಸಿದೆ ಅಂತ ಜೊತೆಗೆ ಎರಡು ಬಿಸ್ಕತ್ತು ಹೆಚ್ಚು ತಿಂದರೆ ಇನ್ಸುಲಿನ್ ಹಾಗೇ ಉಳಿಯುತ್ತದೆ. ನಿಧಾನಕ್ಕೆ ಟೀಯ ಸಿಹಿಯನ್ನೇ ತಗ್ಗಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ತೂಕದಲ್ಲಿ ಐದಾರು ಕಿಲೋ ಇಳಿದರೂ ಇನ್ಸುಲಿನ್ ಮೇಲೆ ಅದರ ಗುಣ ಕಾಣುತ್ತದೆ.

ನಿಮ್ಮ ತಂದೆಯವರ ವಿಷಯ ಮರೆಯಬೇಡಿ. ಅವರಿಗೆ ಕೈ ನಡುಗಿ, ಬೆವರು ಬಂದು ಶುಗರ್ ಇಳಿದರೆ ಸ್ಟೀವಿಯಾ ಹಾಕಿದ ಟೀ ಕೊಟ್ಟು ಪ್ರಯೋಜನವಿಲ್ಲ. ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್ 15 ಗ್ರಾಂ ನೀರಿಗೆ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಿರಿ.