ಮೊಯ್ ಮೊಯ್ ಬೇಡ ಅನ್ನುವ ಮೊದಲು

ತಂಗೀ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಲಾಗೋಸಿಗೆ ಬಂದು ಇನ್ನೂ ಮೂರು ವಾರ. ಇಕೇಜಾದ ಆಫೀಸಿನಲ್ಲಿ ಪಕ್ಕದ ಮೇಜಿನ ಹೆಂಗಸು ಸೋಮವಾರ ಬೆಳಿಗ್ಗೆ ಎಲೆಯಲ್ಲಿ ಕಟ್ಟಿದ್ದ ಬೆಚ್ಚಗಿನ ಪೊಟ್ಟಣವೊಂದನ್ನು ನಿನ್ನ ಮುಂದಿಟ್ಟರು. ಮೊಟ್ಟೆಯನ್ನೂ ಮುಟ್ಟದ ದಾವಣಗೆರೆಯ ಮನೆಯ ಹುಡುಗಿ ನೀನು, ಗಾಬರಿಯಾಗಿ "ಬೇಡ" ಅಂದು ಅದನ್ನು ಅವರ ಕಡೆಗೇ ಸರಿಸಿಬಿಟ್ಟೆ. ಅಂದಿನಿಂದ ಅವರು ಮೊದಲಿನ ಹಾಗೆ ಮಾತಾಡುತ್ತಿಲ್ಲ. "ಅಕ್ಕಾ, ನಾನು ಮಾಡಿದ್ದು ತಪ್ಪಾ? ತಿನ್ನಲಾಗದವಳು ಇಲ್ಲಿಯ ಜನರ ಜೊತೆ ಹೇಗೆ ಬಾಳೋದು?" ಅಂತ ಕೇಳಿದ್ದೀಯ. ಅಕ್ಕಾ ಅಂದಿದ್ದರಿಂದ ನಾನೂ ನೀನು ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ತಿನ್ನದೇ ಇದ್ದದ್ದರಲ್ಲಿ ತಪ್ಪೇನೂ ಇಲ್ಲ. ಪೊಟ್ಟಣವನ್ನು ವಾಪಸ್ ಸರಿಸಿದ್ದೇ ಅವರಿಗೆ ನೋವಾಗಿರೋದು. ಯಾಕೆ ಅಂತ ಒಂದು ಮಾತೂ ಹೇಳದೆ ಸರಿಸಿದೆಯಲ್ಲ, ಅದು ಇನ್ನೂ ಹೆಚ್ಚು ನೋಯಿಸಿರುತ್ತದೆ. ನಾನೂ 2005ರಲ್ಲಿ ಪುತ್ತೂರಿನಿಂದ ಬಂದ ಹೊಸತರಲ್ಲಿ ಹೀಗೇ ಮಾಡಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಮುಂದೆ ಬಂದದ್ದು ಏನು ಅಂತ ತಿಳಿದುಕೋ.

ಅದು ಮೊಯ್ ಮೊಯ್. ಯೊರುಬಾ ಜನರ ಅಡುಗೆ, ಈಗ ಇಡೀ ನೈಜೀರಿಯಾದ್ದು. ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಕೆಂಪು ದೊಣ್ಣೆ ಮೆಣಸಿನಕಾಯಿ, ಈರುಳ್ಳಿ, ಇಲ್ಲಿಯ ಖಾರದ ಗುಂಡು ಮೆಣಸಿನಕಾಯಿ ಹಾಕಿ ನುಣ್ಣಗೆ ರುಬ್ಬಿ, ಎಣ್ಣೆ ಬೆರೆಸಿ, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ನಿನ್ನ ಅಜ್ಜಿ ನುಚ್ಚಿನುಂಡೆ ಮಾಡುತ್ತಿದ್ದರೆ, ನನ್ನ ಅಮ್ಮ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಕಡುಬು ಮಾಡುತ್ತಿದ್ದರು. ಅದೇ ಕೈ, ಅದೇ ಹಬೆ. ಆಫೀಸಿನವರು "ಬೀನ್ಸ್" ಅಂದಾಗ ನೀನು ಹುರುಳಿಕಾಯಿ ಅಂದುಕೊಂಡಿರಬಹುದು. ಇಲ್ಲಿ ಬೀನ್ಸ್ ಅಂದರೆ ಅಲಸಂದೆ ಕಾಳು. ಪೆಪ್ಪರ್ ಅಂದರೆ ಮೆಣಸಿನಕಾಯಿ. ಟೀ ಅಂದರೆ ಮೈಲೋವೂ ಆಗಬಹುದು. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ: ಮೀಟ್ ಅಂದರೆ ಮಾಂಸ ಮಾತ್ರ, ಮೀನು ಅದರಲ್ಲಿ ಬರುವುದಿಲ್ಲ.

ನಮ್ಮವರು ಎಡವುವುದು ಇಲ್ಲೇ. "ಇದರಲ್ಲಿ ಮೀಟ್ ಇದೆಯಾ?" ಅಂತ ಕೇಳುತ್ತೇವೆ, ಅವರು ಮನಃಪೂರ್ವಕವಾಗಿ "ಇಲ್ಲ" ಅನ್ನುತ್ತಾರೆ, ಒಳಗೆ ಕ್ರೇಫಿಶ್ ಪುಡಿ ಇರುತ್ತದೆ. ಕ್ರೇಫಿಶ್ ಅಂದರೆ ಒಣಗಿಸಿದ ಸಣ್ಣ ಸೀಗಡಿ. ನಾವು ಸಾರಿಗೆ ಇಂಗು ಹಾಕಿದಷ್ಟು ಸಹಜವಾಗಿ ಅದನ್ನು ಹಾಕುತ್ತಾರೆ, ಯಾರೂ ಅದನ್ನು ಮೀಟ್ ಅಂತ ಲೆಕ್ಕ ಮಾಡುವುದಿಲ್ಲ. ಯಾರೂ ನಿನಗೆ ಸುಳ್ಳು ಹೇಳುತ್ತಿಲ್ಲ, ಅವರ ಅಡುಗೆಮನೆಯ ಲೆಕ್ಕ ಬೇರೆ. ಹಾಗಾಗಿ ಹೆಸರು ಹಿಡಿದೇ ಕೇಳು: ಕ್ರೇಫಿಶ್ ಇದೆಯಾ? ಮೊಟ್ಟೆ ಇದೆಯಾ? ಟೈಟಸ್ ಇದೆಯಾ? (ಬಂಗುಡೆಯಂಥ ಮೀನಿಗೆ ಇಲ್ಲಿ ಆ ಹೆಸರು.) ಡಬ್ಬಿಯ ಕಾರ್ನ್ಡ್ ಬೀಫ್ ಇದೆಯಾ? ಹಿಟ್ಟನ್ನು ಮಾಂಸ ಬೇಯಿಸಿದ ನೀರಿನಲ್ಲಿ ಕಲಸಿದ್ದಾ, ಬರೀ ನೀರಿನಲ್ಲಾ? ಹೀಗೆ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಅಡುಗೆ ಮಾಡಿದವರಿಗೆ ಅಡುಗೆಯ ವಿಷಯ ಮಾತಾಡುವುದು ಎಲ್ಲಿಯೂ ಖುಷಿಯೇ. "ಮೊಯ್ ಮೊಯ್ ಎಲೆಮಿ ಮೇಜೆ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಏಳು ಜೀವದ ಮೊಯ್ ಮೊಯ್ ಅಂತ ಅರ್ಥ. ಮೊಟ್ಟೆ, ಮೀನು, ಕ್ರೇಫಿಶ್ ಅಂತ ಒಳಗೆ ಏಳು ಬಗೆ ತುಂಬಿರುತ್ತಾರೆ. ಅದು ಅವರ ಕಡೆಯಿಂದ ದೊಡ್ಡ ಸತ್ಕಾರ, ನಿನಗೆ ಮಾತ್ರ ಆಗದು.

ನಿನಗೆ ಆಗುವಂಥದ್ದೂ ಇದೆ. ಎಕುರು ಅಂತ ಕೇಳು. ಅದೇ ಅಲಸಂದೆ ಹಿಟ್ಟು, ಮೆಣಸಿನಕಾಯಿ, ಎಣ್ಣೆ ಏನೂ ಇಲ್ಲದೆ ಬೆಳ್ಳಗೆ ಬೇಯಿಸಿದ್ದು. ಜೊತೆಗೆ ಕೊಡುವ ಕೆಂಪು ಚಟ್ನಿಯನ್ನು ಮಾತ್ರ ವಿಚಾರಿಸದೆ ಮುಟ್ಟಬೇಡ. ಎನುಗು ಕಡೆಯ ಇಗ್ಬೊ ಜನರ ಒಕ್ಪಾ ಇನ್ನೂ ಒಳ್ಳೆಯದು. ಅದಕ್ಕೆ ನೆಲದಡಿಯಲ್ಲಿ ಬಿಡುವ ಬಂಬಾರಾ ಕಾಳಿನ ಹಿಟ್ಟು, ತಾಳೆ ಎಣ್ಣೆ, ಉಪ್ಪು, ಖಾರ, ಸಾಮಾನ್ಯವಾಗಿ ಅಷ್ಟೇ. ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿ, ಬೆಳಿಗ್ಗೆ ಬಿಸಿಬಿಸಿಯಾಗಿ ಮಾರುತ್ತಾರೆ. ಅದರ ಹಳದಿ ಬಣ್ಣ, ಮೆತ್ತಗಿನ ಗಟ್ಟಿತನ ನೋಡಿದರೆ ನಿನಗೆ ಮನೆಯ ನೆನಪಾಗುತ್ತದೆ. ಅಕರಾ ಅಂದರೆ ಅಲಸಂದೆ ವಡೆ. ಶನಿವಾರ ಬೆಳಿಗ್ಗೆ ಅನೇಕ ಮನೆಗಳಲ್ಲಿ ಅಕರಾ, ಜೋಡಿಗೆ ಓಗಿ. ಮೆಕ್ಕೆಜೋಳವನ್ನು ಹುಳಿ ಬರಿಸಿ ಮಾಡಿದ ಗಂಜಿ ಅದು, ನೀನು ರಾಗಿ ಅಂಬಲಿ ಕುಡಿದವಳಾದರೆ ಮೊದಲ ಗುಟುಕಿಗೇ ಗುರುತು ಹಿಡಿಯುತ್ತೀ.

ಈಗ ನನ್ನ ಕಥೆ. ನಮ್ಮ ಮೊದಲ ಮನೆ ಇಲುಪೇಜುವಿನಲ್ಲಿ, ಭಾರತದವರು ಹೆಚ್ಚಿರುವ ಕಡೆ. ಆದರೆ ನಮ್ಮ ವಠಾರದ ಪಕ್ಕದ ಮನೆಯಲ್ಲಿದ್ದವರು ಯೊರುಬಾ ಅಜ್ಜಿ. ಅವರ ಹೆಸರು ಏನು ಅಂತ ನನಗೆ ವರ್ಷಗಳ ತನಕ ಗೊತ್ತಿರಲಿಲ್ಲ, ಎಲ್ಲರೂ ಕರೆಯುತ್ತಿದ್ದದ್ದು ಇಯಾ ಇಬೆಜಿ, ಅಂದರೆ ಅವಳಿಗಳ ತಾಯಿ. ಯೊರುಬಾ ಜನರಲ್ಲಿ ಅವಳಿ ಮಕ್ಕಳು ಬಹಳ, ಒಯೊ ರಾಜ್ಯದ ಇಗ್ಬೊ ಓರಾ ಊರು ಅದಕ್ಕೇ ಹೆಸರುವಾಸಿ. ಅವಳಿ ಇರುವ ಮನೆಯಲ್ಲಿ ಅಲಸಂದೆ ಬೇಯಿಸಿ ಕೇರಿಯ ಮಕ್ಕಳಿಗೆಲ್ಲ ಹಂಚುವ ಪದ್ಧತಿಯಿದೆ. ನಾವು ಬಂದ ಹೊಸತರಲ್ಲಿ ಅವರು ಮೂರು ಸಲ ತಟ್ಟೆ ಕಳಿಸಿದರು. ಮೂರು ಸಲವೂ ನಾನು ನಗುನಗುತ್ತಾ ವಾಪಸ್ ಕಳಿಸಿದೆ. ನಗುತ್ತಿದ್ದೇನಲ್ಲ, ಮರ್ಯಾದೆ ಉಳಿಯಿತು ಅಂತ ನನ್ನ ಎಣಿಕೆ. ಆಮೇಲೆ ತಟ್ಟೆ ಬರುವುದು ನಿಂತಿತು.

ಆ ಮಳೆಗಾಲ ನನಗೆ ಮಲೇರಿಯಾ ಬಂತು. ಮೂರು ದಿನ ಏಳಲಾಗಲಿಲ್ಲ. ಗಂಡನಿಗೆ ಅನ್ನ ಬೇಯಿಸುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ನಾಲ್ಕನೇ ದಿನ ಇಯಾ ಇಬೆಜಿ ತಾವೇ ಬಂದು ಬಾಗಿಲಲ್ಲಿ ನಿಂತು ನನ್ನ ಗಂಡನನ್ನು ಕೇಳಿದರಂತೆ, "ನಿನ್ನ ಹೆಂಡತಿ ಏನೇನು ತಿನ್ನುವುದಿಲ್ಲ ಹೇಳು." ಸಂಜೆ ಒಂದು ಪಾತ್ರೆ ಬಂತು. ಅದರಲ್ಲಿ ಎಂಟು ಹತ್ತು ಎಲೆಯ ಪೊಟ್ಟಣ. ಮೂರಕ್ಕೆ ಮಾತ್ರ ಎಲೆಯ ತೊಟ್ಟನ್ನು ಮೇಲಕ್ಕೆ ಬಿಟ್ಟು ಗುರುತು ಮಾಡಿದ್ದರು. ಅವು ನನ್ನವು, ಮೊಟ್ಟೆಯಿಲ್ಲ, ಮೀನಿಲ್ಲ, ಕ್ರೇಫಿಶ್ ಇಲ್ಲ. ಬೇರೆಯೇ ಸಣ್ಣ ಪಾತ್ರೆಯಲ್ಲಿ ಬೇಯಿಸಿದ್ದು ಅಂತ ಆಮೇಲೆ ತಿಳಿಯಿತು. ಹಾಸಿಗೆಯ ಮೇಲೆ ಕೂತು ಎಲೆ ಬಿಚ್ಚಿದೆ. ಎಲೆಯ ಗೀರುಗಳು ಹಿಟ್ಟಿನ ಮೇಲೆ ಮೂಡಿದ್ದವು, ಅಮ್ಮನ ಅರಿಶಿನ ಎಲೆಯ ಕಡುಬಿನ ಮೇಲೆ ಮೂಡುವ ಹಾಗೇ. ಜ್ವರದ ಬಾಯಿಗೆ ಅದು ಹಿಡಿಸಿದಷ್ಟು ಬೇರೆ ಯಾವುದೂ ಹಿಡಿಸಲಿಲ್ಲ. ಗುಣವಾದ ಮೇಲೆ ಹೋಗಿ ಕ್ಷಮೆ ಕೇಳಿದಾಗ ಅವರು ಹೇಳಿದ್ದಿಷ್ಟು: "ನೀನು ಹೇಳಲೇ ಇಲ್ಲವಲ್ಲ ಮಗಳೇ. ಹೇಳಿದ್ದರೆ ಮೊದಲ ದಿನವೇ ಬೇರೆ ಇಡುತ್ತಿದ್ದೆ."

ಅವರಿಂದಲೇ ಕಲಿತೆ. ಕಾಳನ್ನು ಹೆಚ್ಚು ಹೊತ್ತು ನೆನೆಸಬಾರದು, ಸಿಪ್ಪೆ ಸಡಿಲವಾದರೆ ಸಾಕು. ಎರಡು ಕೈಯಲ್ಲಿ ಉಜ್ಜಿ, ನೀರು ತುಂಬಿಸಿ, ತೇಲಿದ ಸಿಪ್ಪೆಯನ್ನು ಚೆಲ್ಲಬೇಕು. ಹೀಗೆ ಆರೇಳು ನೀರು. ಆ ಕೆಲಸವನ್ನು ಒಬ್ಬರೇ ಕೂತು ಮಾಡಿದರೆ ಸಾಕುಸಾಕಾಗುತ್ತದೆ, ಅದಕ್ಕೇ ಮನೆಯವರೆಲ್ಲ ಸುತ್ತ ಕೂರುತ್ತಾರೆ. ನಾನು ಇಲ್ಲಿಯ ಅರ್ಧ ಮಾತು ಕಲಿತದ್ದು ಆ ಬೇಸಿನ್ ಸುತ್ತ. ಹಿಟ್ಟು ಇಡ್ಲಿಯದ್ದಕ್ಕಿಂತ ತೆಳ್ಳಗೆ, ದೋಸೆ ಹಿಟ್ಟಿನ ಹದದಲ್ಲಿರಬೇಕು, ಚೆನ್ನಾಗಿ ಬಡಿದು ಗಾಳಿ ತುಂಬಿಸಬೇಕು. ಎಲೆಗೆ ಎವೆ ಎರಾನ್ ಅನ್ನುತ್ತಾರೆ, ಅರಿಶಿನ ಎಲೆಗಿಂತ ಅಗಲ. ಅದೇ ಗಿಡದ ಕೆಂಪು ಹಣ್ಣಿನಲ್ಲಿ ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿಯಾದ ಥೌಮಾಟಿನ್ ಅನ್ನುವ ಅಂಶವಿದೆ. ಎರಡು ಮೂರು ಎಲೆ ಜೋಡಿಸಿ, ಕಡಲೆಕಾಯಿ ಪೊಟ್ಟಣದ ಹಾಗೆ ಸುರುಳಿ ಸುತ್ತಿ, ಬುಡವನ್ನು ಹಿಂದಕ್ಕೆ ಮಡಚಿ ಅಂಗೈಯಲ್ಲಿ ಹಿಡಿದು ಹಿಟ್ಟು ಹೊಯ್ದು ಮೇಲ್ಭಾಗ ಮಡಚಬೇಕು. ಪಾತ್ರೆಯ ತಳಕ್ಕೆ ಆ ಎಲೆಯ ದಂಟುಗಳನ್ನೇ ಹಾಸಿ, ನೀರು ಬಿಟ್ಟು, ಪೊಟ್ಟಣ ಜೋಡಿಸಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸುವುದು. ಈಗ ಬಹಳ ಜನ ಹಾಲಿನ ಡಬ್ಬಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಹೊಯ್ದು ಬೇಯಿಸುತ್ತಾರೆ. ಪ್ಲಾಸ್ಟಿಕ್ಕಿನದ್ದನ್ನು ನಾನು ತಿನ್ನುವುದಿಲ್ಲ, ನೀನೂ ತಿನ್ನಬೇಡ. ಎಲೆಯ ಪರಿಮಳವೇ ಹೋದರೆ ಅದು ಮೊಯ್ ಮೊಯ್ ಅಂತ ನನಗೆ ಅನಿಸುವುದೂ ಇಲ್ಲ.

ಮನೆಯಲ್ಲಿ ಮಾಡುವುದಾದರೆ ಒಂದು ಎಚ್ಚರ. ಕಾಳಿಗೆ ಹುಳ ಬೇಗ ಬೀಳುತ್ತದೆ ಅಂತ ಕೆಲವರು ಅದಕ್ಕೆ ವಿಷದ ಔಷಧಿ ಹೊಡೆಯುತ್ತಾರೆ. 2015ರಲ್ಲಿ ಯುರೋಪಿಯನ್ ಒಕ್ಕೂಟ ನೈಜೀರಿಯಾದ ಒಣ ಬೀನ್ಸನ್ನು ತರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದು ಇದರಿಂದಾಗಿ. ಗುರುತಿನ ಅಂಗಡಿಯಲ್ಲೇ ತಕ್ಕೋ, ಹಲವು ನೀರಿನಲ್ಲಿ ತೊಳೆ, ತಂದದ್ದನ್ನು ಫ್ರೀಜರಿನಲ್ಲಿಡು. "ಓಲೊಯಿನ್" ಅಂತ ಕೇಳಿದರೆ ಜೇನಿನಂತೆ ಸವಿಯಾದ ಕಂದು ಕಾಳು ಕೊಡುತ್ತಾರೆ. ಅಳತೆ ಕೇಜಿಯಲ್ಲಿ ಅಲ್ಲ, ಡೆರಿಕಾ ಅನ್ನುವ ಟೊಮೆಟೊ ಡಬ್ಬಿಯಲ್ಲಿ. ಮಾರುಕಟ್ಟೆಯ ಮಿಲ್ಲಿನಲ್ಲಿ ರುಬ್ಬಿಸಬೇಡ, ನಿನಗಿಂತ ಮೊದಲು ಬಂದವರು ಅದರಲ್ಲಿ ಏನು ರುಬ್ಬಿಸಿದ್ದರೋ.

ಈ ಕಾಳು ನಮಗೆ ಹೊರಗಿನದ್ದು ಅಂತ ಅಂದುಕೊಳ್ಳಬೇಡ. ಅಲಸಂದೆಯನ್ನು ಮೊದಲು ಬೆಳೆಗೆ ತಂದದ್ದು ಆಫ್ರಿಕಾದವರೇ. ಮಧ್ಯ ಘಾನಾದಲ್ಲಿ ಕಿಂಟಾಂಪೊ ಅನ್ನುವ ಪುರಾತನ ಸಂಸ್ಕೃತಿಯ ನೆಲೆಗಳಲ್ಲಿ ಸುಮಾರು 3500 ವರ್ಷ ಹಳೆಯ ಸುಟ್ಟ ಕಾಳು ಸಿಕ್ಕಿದೆ. ಇಲ್ಲಿಂದ ಹೊರಟ ಬೀಜ ಬಹಳ ಹಿಂದೆಯೇ ನಮ್ಮ ಕಡೆ ಬಂತು, ನಮ್ಮ ಕರಾವಳಿಯ ಉದ್ದ ಅಲಸಂಡೆ ಕಾಯಿ ಕೂಡ ಇದೇ ಜಾತಿ. ನಿಮ್ಮ ರೊಟ್ಟಿಯ ಜೋಳವೂ ರಾಗಿಯೂ ಆಫ್ರಿಕಾದಿಂದಲೇ ಬಂದವು. ಇಬಾದಾನಿನಲ್ಲಿ 1967ರಲ್ಲಿ ಶುರುವಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಿದೆ, ಅಲಸಂದೆಯ ಹದಿನೈದು ಸಾವಿರಕ್ಕೂ ಹೆಚ್ಚು ಬಗೆಯ ಬೀಜಗಳನ್ನು ಕಾಪಿಟ್ಟಿದ್ದಾರೆ. ಗುಲಾಮರಾಗಿ ಬ್ರೆಜಿಲಿಗೆ ಸಾಗಿಸಲ್ಪಟ್ಟ ಯೊರುಬಾ ಜನ ಬಾಹಿಯಾದಲ್ಲೂ ಇದನ್ನು ಬಿಡಲಿಲ್ಲ. ಅಲ್ಲಿ ಕರಿದದ್ದು ಅಕರಜೆ, ಬಾಳೆ ಎಲೆಯಲ್ಲಿ ಬೇಯಿಸಿದ್ದು ಅಬರಾ. ಎಲ್ಲವನ್ನೂ ಕಿತ್ತುಕೊಂಡ ಮೇಲೂ ಅವರ ಕೈಯಲ್ಲಿ ಉಳಿದ ಅಡುಗೆ ಇದು. ನಿನ್ನ ಮೇಜಿನ ಮೇಲೆ ಬಂದ ಪೊಟ್ಟಣದ ಹಿಂದೆ ಇಷ್ಟಿದೆ.

ಇನ್ನೂ ಒಂದಿದೆ. 2023ರಲ್ಲಿ ಪೆಟ್ರೋಲ್ ಸಬ್ಸಿಡಿ ತೆಗೆದು, ಇಲ್ಲಿಯ ಹಣ ನೈರಾದ ಬೆಲೆ ಕುಸಿದ ಮೇಲೆ ಬೀನ್ಸ್ ಬೆಲೆ ಇಲ್ಲಿಯವರಿಗೇ ಕೈಗೆಟುಕದಷ್ಟು ಏರಿತು. ಅಂಥ ಕಾಲದಲ್ಲಿ ಭಾನುವಾರವೆಲ್ಲ ಸಿಪ್ಪೆ ಉಜ್ಜಿ, ಮನೆಯವರ ಪಾಲಿನಿಂದ ಒಂದು ಪೊಟ್ಟಣ ಎತ್ತಿ, ಬಸ್ಸಿನ ನೂಕುನುಗ್ಗಲಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಾರೆ ಆ ಹೆಂಗಸು. ನಿನ್ನನ್ನು ಹೊಸಬಳು, ಒಬ್ಬಳೇ ಇದ್ದಾಳೆ ಅಂತ ಕಂಡಿದ್ದಾರೆ ಮಾರಾಯ್ತಿ.

ನಾಳೆ ಆಫೀಸಿಗೆ ಹೋದ ಕೂಡಲೇ ಅವರ ಮೇಜಿಗೆ ಹೋಗು. ಅವರು ನಿನಗಿಂತ ದೊಡ್ಡವರಲ್ಲವೇ, "ಎ ಕಾರೊ" ಅನ್ನು, ಶುಭೋದಯ ಅಂತ. ನಮ್ಮ ನೀನು, ನೀವು ಇದ್ದ ಹಾಗೇ ಯೊರುಬಾದಲ್ಲಿಯೂ ಇದೆ. ದೊಡ್ಡವರಿಗೆ "ಎ ಶೆ", ಸರೀಕರಿಗೆ "ಓ ಶೆ", ಎರಡೂ ಧನ್ಯವಾದವೇ, ಆದರೆ ಅದಲುಬದಲು ಮಾಡಬೇಡ. ನಮ್ಮ ಮನೆಯಲ್ಲಿ ಹುಟ್ಟಿದಾಗಿನಿಂದ ಮೊಟ್ಟೆ, ಮೀನು, ಮಾಂಸ ತಿನ್ನುವುದಿಲ್ಲ, ಆ ದಿನ ಹೇಗೆ ಹೇಳುವುದೆಂದು ತಿಳಿಯಲಿಲ್ಲ, ನಿಮ್ಮ ಮನಸ್ಸು ನೋಯಿಸಿದೆ ಅಂತ ಹೇಳು. ಮುಂದೆ ಯಾರೇ ಏನೇ ಕೊಟ್ಟರೂ ಬಲಗೈಯಲ್ಲಿ ತಕ್ಕೋ, ಎಡಗೈ ನೀಡುವುದು ಇಲ್ಲಿಯೂ ಅವಮಾನ. ಮೊದಲು ಕೈಗೆ ತಕ್ಕೊಂಡು "ಎ ಶೆ" ಅನ್ನು, ಆಮೇಲೆ ಒಳಗೇನಿದೆ ಅಂತ ಕೇಳು. ನಿನಗಾಗದಿದ್ದರೆ ಅವರೆದುರೇ, ಅವರನ್ನು ಕೇಳಿಯೇ ಇನ್ನೊಬ್ಬರಿಗೆ ಕೊಡು. ಒಂದೇ ಪಾತ್ರೆಯಲ್ಲಿ ಬೆಂದದ್ದು ಆಗುತ್ತದೋ ಇಲ್ಲವೋ ಅನ್ನುವುದು ನಿನ್ನ ತೀರ್ಮಾನ. ನನಗೆ ಆಗುತ್ತದೆ, ನಿನಗೂ ಆಗಲೇಬೇಕು ಅಂತಿಲ್ಲ. ಊಟ ಮಾಡುತ್ತಿರುವವರ ಪಕ್ಕ ಹಾದುಹೋದರೆ "ಬಾ, ಊಟ ಮಾಡು" ಅಂತ ಕರೆಯುತ್ತಾರೆ, ನಮ್ಮೂರಿನಲ್ಲಿ ಜಗಲಿಯಿಂದ ಕರೆದ ಹಾಗೆ. ಪ್ರತಿ ಸಲವೂ ಕೂರಬೇಕೆಂದಿಲ್ಲ, ನಿಂತು ಒಂದು ಮಾತಾಡಿದರೆ ಸಾಕು.

ಕೊಡುವುದನ್ನೂ ಕಲಿ. ನಾನು ಒಮ್ಮೆ ಹಲಸಿನ ಎಲೆ ಸಿಗದೆ ಎವೆ ಎರಾನ್ ಎಲೆಯಲ್ಲೇ ಇಡ್ಲಿ ಹಿಟ್ಟು ಹೊಯ್ದು ಕಡುಬು ಮಾಡಿ ಇಯಾ ಇಬೆಜಿಗೆ ಒಯ್ದೆ. ಅವರು ಅದನ್ನು ಟೊಮೆಟೊ ಸ್ಟೂ ಜೊತೆ ತಿಂದು, ಹಿಟ್ಟು ಹುಳಿ ಬಂದದ್ದು ಹೇಗೆ ಅಂತ ಕೇಳಿ ತಿಳಿದುಕೊಂಡರು. ಓಗಿಯ ಹುಳಿ ಗೊತ್ತಿದ್ದವರಿಗೆ ಇಡ್ಲಿಯ ಹುಳಿ ಹೊಸದೇನೂ ಅನ್ನಿಸಲಿಲ್ಲ.

ಬರುವ ಶನಿವಾರ ಬೆಳಿಗ್ಗೆ ನಮ್ಮಲ್ಲಿಗೆ ಬಾ. ಹಿಂದಿನ ರಾತ್ರಿ ನೆನೆಸಿಡಬೇಡ, ಇಲ್ಲೇ ನೆನೆಸೋಣ. ಒಂದು ಡೆರಿಕಾ ಓಲೊಯಿನ್ ತಕ್ಕೊಂಡು ಬಾ, ಎಲೆ ನಾನು ತಂದಿಡುತ್ತೇನೆ. ಕ್ರೇಫಿಶ್ ಇಲ್ಲದ ಇಪ್ಪತ್ತು ಪೊಟ್ಟಣ ಕಟ್ಟೋಣ. ಸೋಮವಾರ ಅವುಗಳಲ್ಲಿ ಎರಡನ್ನು ಆ ಹೆಂಗಸಿಗೆ ಒಯ್ಯಿ, ಬಿಸಿ ಆರದ ಹಾಗೆ ಬಟ್ಟೆಯಲ್ಲಿ ಸುತ್ತಿ.