ನರದಲ್ಲಿ ಕರೆಂಟ್ ಹರಿಯುತ್ತೆ ಅಂತಾರಲ್ಲ, ಹಾಗಾದ್ರೆ ನಮಗ್ಯಾಕೆ ಶಾಕ್ ಹೊಡೆಯಲ್ಲ?

ಹತ್ತನೇ ಕ್ಲಾಸಿನ ಮಗ ಈ ಪ್ರಶ್ನೆ ಕೇಳಿದ, ನರಕೋಶದ ಚಿತ್ರ ಬರೆಯೋಕೆ ಬರುತ್ತೆ, ಆದರೆ ಒಳಗೆ ಏನು ನಡೆಯುತ್ತೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡೋನು. ಚಿತ್ರಕ್ಕೆ ಪೂರ್ತಿ ಅಂಕ ತಗೊಂಡು ಬಂದವರೂ ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುತ್ತಾರೆ. ನಿಮ್ಮ ಹುಡುಗ ಕೇಳಿದ್ದು ಸರಿಯಾಗೇ ಇದೆ.

ಶಾಕ್ ಹೊಡೆಯುವಷ್ಟು ವೋಲ್ಟೇಜ್ ಅಲ್ಲಿಲ್ಲ. ಅದೂ ಅಲ್ಲದೆ ಮನೆ ವೈರಿನ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಕರೆಂಟ್ ಹರಿದುಹೋಗೋದೂ ಇಲ್ಲ.

ಮೊದಲು ಆಕಾರ ನೋಡೋಣ. ನ್ಯೂಕ್ಲಿಯಸ್ ಇರೋದು ಕೋಶಕಾಯದಲ್ಲಿ. ಅದರಿಂದ ಕವಲೊಡೆದ ಡೆಂಡ್ರೈಟ್‌ಗಳು ಸಂದೇಶ ತಗೊಳ್ಳುತ್ತವೆ, ಆಕ್ಸಾನ್ ಅನ್ನೋ ಒಂದು ಉದ್ದನೆಯ ಎಳೆ ಮುಂದಕ್ಕೆ ಕಳಿಸುತ್ತೆ. ಇಷ್ಟು ಪುಸ್ತಕದಲ್ಲೇ ಇದೆ. ಪುಸ್ತಕದ ಚಿತ್ರದಲ್ಲಿ ಗೊತ್ತಾಗದೇ ಇರೋದು ಅಳತೆ. ಕೋಶಕಾಯ ಮೈಕ್ರೋಸ್ಕೋಪಿಲ್ಲದೆ ಕಾಣಲ್ಲ. ಆದರೆ ಬೆನ್ನುಹುರಿಯ ಕೆಳಭಾಗದಿಂದ ಪಾದಕ್ಕೆ ಇಳಿಯುವ ಆಕ್ಸಾನ್ ಸುಮಾರು 1 ಮೀಟರ್ ಉದ್ದ ಇರುತ್ತೆ, ಅಷ್ಟೂ ಒಂದೇ ಜೀವಕೋಶ! ಇನ್ನೊಂದು ವಿಷಯ: ಕಾಲು ಎಡವಿದ್ದನ್ನು ತಿಳಿಸುವ ನರಕೋಶ ನೋಡೋಕೆ ಆ ಚಿತ್ರದ ಹಾಗೆ ಇರೋದೇ ಇಲ್ಲ. ಅದರ ಕೋಶಕಾಯ ಬೆನ್ನುಮೂಳೆಯ ಪಕ್ಕದ ಸಣ್ಣ ಗಂಟೊಂದರಲ್ಲಿ ಕೂತಿರುತ್ತೆ. ಅಲ್ಲಿಂದ ಒಂದು ಎಳೆ ಹೆಬ್ಬೆರಳಿನವರೆಗೆ, ಇನ್ನೊಂದು ಬೆನ್ನುಹುರಿಯ ಒಳಕ್ಕೆ.

ಇನ್ನು ಕರೆಂಟಿನ ವಿಷಯ. ಆಕ್ಸಾನಿನ ಪೊರೆಯ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಪೊರೆಯಲ್ಲಿರುವ ಪಂಪುಗಳು 3 ಸೋಡಿಯಂ ಅಯಾನು (ಅಂದರೆ ವಿದ್ಯುದಂಶ ಇರುವ ಕಣ) ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತಾ ಹಗಲೂ ರಾತ್ರಿ ದುಡಿಯುತ್ತವೆ. ಮಿದುಳು ಬಳಸುವ ಶಕ್ತಿಯಲ್ಲಿ ದೊಡ್ಡ ಪಾಲು ಇದಕ್ಕೇ ಖರ್ಚು. ಹೀಗಾಗಿ ನರಕೋಶ ಸುಮ್ಮನಿದ್ದಾಗ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತೆ. ಟಾರ್ಚಿಗೆ ಹಾಕುವ ಸೆಲ್ 1.5 ವೋಲ್ಟ್, ಅದರ ಇಪ್ಪತ್ತರಲ್ಲಿ ಒಂದು ಪಾಲೂ ಆಗಲ್ಲ ಇದು. ಪ್ರಚೋದನೆ ಸಾಕಷ್ಟು ಬಂದಾಗ ಪೊರೆಯ ಸೋಡಿಯಂ ಬಾಗಿಲುಗಳು ತೆರೆದುಕೊಳ್ಳುತ್ತವೆ, ಸೋಡಿಯಂ ಒಳಗೆ ನುಗ್ಗುತ್ತೆ, ಒಳಬದಿ ಸುಮಾರು +30 ಮಿಲಿವೋಲ್ಟ್‌ಗೆ ಏರುತ್ತೆ. ತಕ್ಷಣ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನಂತಾಗುತ್ತೆ. ಇದಕ್ಕೆಲ್ಲ ಹಿಡಿಯೋದು ಒಂದೆರಡು ಮಿಲಿಸೆಕೆಂಡ್.

ಅಂದರೆ ಅಯಾನುಗಳು ದಾಟೋದು ಅಡ್ಡಕ್ಕೆ, ಸಂದೇಶ ಸಾಗೋದು ಉದ್ದಕ್ಕೆ. ಅದು ಹೇಗೆ? ಬೇಸಿಗೆಯಲ್ಲಿ ಬಾಬಾಬುಡನ್‌ಗಿರಿ ಕಡೆ ಒಣಹುಲ್ಲಿಗೆ ಬೆಂಕಿ ಬಿದ್ದಾಗ ನೋಡಿ. ಬೆಂಕಿ ಗುಡ್ಡದುದ್ದಕ್ಕೂ ಓಡುತ್ತೆ, ಹುಲ್ಲು ಮಾತ್ರ ನಿಂತಲ್ಲೇ ಉರಿಯುತ್ತೆ. ಪ್ರತಿ ಜಾಗವೂ ತನ್ನದೇ ಹುಲ್ಲಿನಿಂದ ಉರಿಯೋದರಿಂದ ಎಷ್ಟು ದೂರ ಹೋದರೂ ಜ್ವಾಲೆ ಕುಂದಲ್ಲ, ಸುಟ್ಟ ಜಾಗಕ್ಕೆ ಹಿಂದಿರುಗಲ್ಲ. ನರದಲ್ಲೂ ಹಾಗೇ, ಈಗಷ್ಟೇ ಮುಚ್ಚಿದ ಬಾಗಿಲು ಕೂಡಲೇ ತೆರೆಯಲ್ಲ, ಹಾಗಾಗಿ ಸಂದೇಶ ಮುಂದಕ್ಕೇ ಹೋಗುತ್ತೆ. ಇದರ ಲೆಕ್ಕವನ್ನು ಹಾಜ್ಕಿನ್ ಮತ್ತು ಹಕ್ಸ್‌ಲಿ ಅನ್ನೋ ವಿಜ್ಞಾನಿಗಳು 1952ರಲ್ಲಿ ಪ್ರಕಟಿಸಿದರು. ಅವರು ಪ್ರಯೋಗ ಮಾಡಿದ್ದು ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ಆಕ್ಸಾನ್ ಮೇಲೆ. ಅದು ಎಷ್ಟು ದಪ್ಪ ಅಂದರೆ ಒಳಗೆ ತಂತಿ ತೂರಿಸಬಹುದು.

ನರವೇನೂ ಮಿಂಚಿನ ವೇಗದ್ದಲ್ಲ ಅನ್ನೋದಕ್ಕೆ ನಿಮ್ಮ ಕಾಲೇ ಸಾಕ್ಷಿ. ಹೊಸ್ತಿಲಿಗೆ ಬೆರಳು ಬಡಿದಾಗ ಮೊದಲು ಚುರ್ ಅನ್ನುತ್ತೆ, ‘ಅಯ್ಯೋ’ ಅನ್ನುವಷ್ಟರಲ್ಲಿ ಇನ್ನೊಂದು ನೋವು ನಿಧಾನಕ್ಕೆ ಉರಿಯುತ್ತಾ ಬರುತ್ತೆ. ಮೊದಲನೆಯದನ್ನು ತರೋದು ಮೈಲಿನ್ ಅನ್ನೋ ಕೊಬ್ಬಿನಂಶದ ತೆಳುವಾದ ಹೊದಿಕೆ ಇರುವ ಎಳೆಗಳು, ಸೆಕೆಂಡಿಗೆ 5ರಿಂದ 30 ಮೀಟರ್. ಮೈಲಿನ್ ಇದ್ದಲ್ಲಿ ಸಂದೇಶ ಹೊದಿಕೆಯ ನಡುವಿನ ಒಂದು ಗ್ಯಾಪಿನಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೋಗುತ್ತೆ. ಎರಡನೆಯದು ಹೊದಿಕೆಯೇ ಇಲ್ಲದ ಎಳೆಗಳಲ್ಲಿ ಸೆಕೆಂಡಿಗೆ ಸುಮಾರು 1 ಮೀಟರಿನಂತೆ ನಡೆದುಕೊಂಡು ಬರುತ್ತೆ. ಕಾಲಿನಿಂದ ತಲೆಗೆ ಒಂದೂವರೆ ಮೀಟರ್ ಅಂತಿಟ್ಟುಕೊಂಡು ಮಗನ ಕೈಲೇ ಲೆಕ್ಕ ಮಾಡಿಸಿ.

ಆಕ್ಸಾನ್ ಮುಗಿದ ಕಡೆ ಮುಂದಿನ ಕೋಶಕ್ಕೆ ನೇರ ಜೋಡಣೆ ಇರಲ್ಲ. ಹೆಚ್ಚಿನ ಕಡೆ ಮಧ್ಯೆ ಸಿನಾಪ್ಸ್ ಅನ್ನೋ ಸೂಕ್ಷ್ಮ ಅಂತರ ಇರುತ್ತೆ. ನರಮಂಡಲ ಪೂರ್ತಿ ಒಂದೇ ಬಲೆ ಅಂದವರು ವಿಜ್ಞಾನಿ ಗಾಲ್ಜಿ, ಬಿಡಿಬಿಡಿ ಕೋಶಗಳು ಅಂದವರು ಇನ್ನೊಬ್ಬ ವಿಜ್ಞಾನಿ ಕಹಾಲ್. 1906ರ ನೊಬೆಲ್ ಇಬ್ಬರಿಗೂ ಹಂಚಿ ಕೊಟ್ಟರು. ಕೊನೆಗೆ ನಿಂತಿದ್ದು ಕಹಾಲ್ ಮಾತು. ಸಂದೇಶ ಈ ಅಂತರ ದಾಟೋದು ರಾಸಾಯನಿಕದ ಮೂಲಕ. ನರದಿಂದ ಸ್ನಾಯುವಿಗಾದರೆ ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕೋಕೆ ಅಲ್ಲೇ ಒಂದು ಕಿಣ್ವ ಕಾದಿರುತ್ತೆ.

ನಮ್ಮ ಕಡೆಯವರು ಇದನ್ನು ತಿಳಿದಿರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಕಾಫಿ ತೋಟಕ್ಕೆ ಹೊಡೆಯೋ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಔಷಧಿಗಳು ಹಾಳುಮಾಡೋದು ಆ ಕಿಣ್ವವನ್ನೇ. ಅಸಿಟೈಲ್‌ಕೋಲಿನ್ ಒಡೆಯದೆ ಅಲ್ಲೇ ಉಳಿಯುತ್ತೆ: ಜೊಲ್ಲು, ಬೆವರು ಸುರಿಯುತ್ತೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತೆ, ಮಾಂಸಖಂಡ ಅದುರುತ್ತೆ, ಮಿತಿಮೀರಿದರೆ ಉಸಿರೇ ನಿಲ್ಲುತ್ತೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡೋದು ಇದಕ್ಕೇ. ನಾಗರಹಾವಿನ ವಿಷ ಇದೇ ಅಂತರದ ಆಚೆ ದಡದಲ್ಲಿ, ಸ್ನಾಯುವಿನ ಕಡೆ, ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗವನ್ನು ತಾನು ಹಿಡಿಯುತ್ತೆ. ಕಚ್ಚಿಸಿಕೊಂಡವರ ರೆಪ್ಪೆ ಜೋತುಬೀಳೋದು ಅದಕ್ಕೆ.

ಪರೀಕ್ಷೆಗೆ ಅಂತ ಎರಡು ಮಾತು. ಬಾಣದ ಗುರುತನ್ನು ಡೆಂಡ್ರೈಟಿನಿಂದ ಆಕ್ಸಾನ್ ತುದಿಯ ಕಡೆಗೇ ಹಾಕಲಿ. ಮೈಲಿನನ್ನು ಒಂದೇ ಉದ್ದದ ಕೊಳವೆ ಮಾಡದೆ ನಡುನಡುವೆ ಗ್ಯಾಪ್ ಬಿಟ್ಟು ಬರೆಯಲಿ, ಹೆಚ್ಚಿನವರು ತಪ್ಪು ಮಾಡೋದು ಅಲ್ಲೇ.