ಬಯಾಸ್‌ನಲ್ಲಿ (ಮಷಿನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ದೋಷ ಇದೆಯಂತೆ, ಆದರೆ ಖಚಿತವಿಲ್ಲ. ಸರ್ವರ್‌ಗಳಿಗೆ ಈಗಲೇ ಅಪ್‌ಡೇಟ್ ಹಾಕಲೇ, ಕಾಯಲೇ?

ಸುದ್ದಿ ನಿಜವೋ ಸುಳ್ಳೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಪೆಟ್ಟು ಬಿದ್ದಿದ್ದೇ ನೂರಕ್ಕೆ ನೂರು ನಿಜವಾಗಿದ್ದ ಸುದ್ದಿಯಿಂದ.

2018ರ ಜನವರಿ. ಪ್ರೊಸೆಸರ್ ಚಿಪ್‌ಗಳಿಂದ ಗುಟ್ಟಿನ ಮಾಹಿತಿ ಕದಿಯಲು ಬಿಡುವ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳನ್ನು 9ನೇ ತಾರೀಖು ಹೊರಗೆ ಹೇಳೋಣ ಅಂತ ಕಂಪನಿಗಳು ಮಾತಾಡಿಕೊಂಡಿದ್ದವು. ವಿಷಯ ಮೊದಲೇ ಸೋರಿ 3ಕ್ಕೇ ಬಯಲಾಯಿತು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಆಫೀಸಿನ ಸರ್ವರ್ ನೋಡಿಕೊಳ್ಳುತ್ತಿದ್ದೆ. ಟಿವಿ ನೋಡಿದ ಬಾಸ್‌ಗೆ ಗಾಬರಿ. ಹೊಸ ಬಯಾಸ್ ಬಂದಿದ್ದೇ ತಡ, ಒಂದೇ ವೀಕೆಂಡಿನಲ್ಲಿ ಎಲ್ಲ ಸರ್ವರ್‌ಗೂ ಹಾಕಿಬಿಟ್ಟೆ.

ಆಮೇಲೆ ಅವು ಸುಮ್‌ಸುಮ್ನೆ ರೀಬೂಟ್ ಆಗತೊಡಗಿದವು. ಲಾಗ್‌ನಲ್ಲಿ ಏನೂ ಇಲ್ಲ. ರ್‍ಯಾಮ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ. 22ರಂದು ಚಿಪ್ ಮಾಡಿದ ಇಂಟೆಲ್‌ನವರೇ ಹೇಳಿದರು: ಹ್ಯಾಸ್‌ವೆಲ್, ಬ್ರಾಡ್‌ವೆಲ್ ಚಿಪ್‌ಗಳು ರೀಬೂಟ್ ಆಗುತ್ತಿವೆ, ಈ ಅಪ್‌ಡೇಟ್ ಹಾಕುವುದು ನಿಲ್ಲಿಸಿ!

ಅಪ್‌ಡೇಟ್ ಹಾಕಿದ್ದಲ್ಲ, ಬಯಾಸ್ ಮೂಲಕ ಹಾಕಿದ್ದು ನನ್ನ ತಪ್ಪು. ಆ ಬಯಾಸ್ ಜೊತೆ ಬಂದಿದ್ದ ಮೈಕ್ರೋಕೋಡ್ ಪ್ಯಾಚ್, ಅಂದರೆ ಚಿಪ್‌ನ ಒಳಸೂಚನೆಗಳ ತಿದ್ದುಪಡಿ, ಚಿಪ್ಪಿನೊಳಗೆ ಉಳಿಯುವುದಿಲ್ಲ. ಕರೆಂಟ್ ತೆಗೆದರೆ ಹೋಯಿತು. ಪ್ರತಿ ಸಲ ಬೂಟ್ ಆಗುವಾಗ ಬಯಾಸ್ ಅದನ್ನು ತುಂಬುತ್ತದೆ. ತನ್ನ ಹತ್ತಿರ ಅದಕ್ಕಿಂತ ಹೊಸದಿದ್ದರೆ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮತ್ತೆ ತುಂಬುತ್ತದೆ. ಲಿನಕ್ಸ್ ಪ್ಯಾಕೇಜ್ ಮೂಲಕ ಹಾಕಿದ್ದರೆ ಹಳೇ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದರೆ ಮುಗೀತಿತ್ತು. ಬಯಾಸ್‌ನಲ್ಲೇ ಹೊಸದು ಕೂತರೆ ಲಿನಕ್ಸ್ ಅದನ್ನು ಹಿಂದಕ್ಕೆ ತಳ್ಳುವುದಿಲ್ಲ. ಹಾಗಾಗಿ ರಾತ್ರಿ ಕೂತು ಒಂದೊಂದೇ ಸರ್ವರ್‌ಗೆ ಹಳೇ ಬಯಾಸ್ ಹಾಕಬೇಕಾಯಿತು. ಹಳೇ ಫೈಲ್ ಇಟ್ಟುಕೊಂಡಿದ್ದೆನಾ? ಇಲ್ಲ.

ಇಷ್ಟಕ್ಕೂ ಅವಸರ ಏನಿತ್ತು? ಸ್ಪೆಕ್ಟರ್ ಬಳಸಲು ಸಾಮಾನ್ಯವಾಗಿ ಕಳ್ಳನ ಕೋಡ್ ನಿಮ್ಮ ಮಷಿನ್ ಮೇಲೇ ಓಡಬೇಕು. ನಮ್ಮಲ್ಲಿ ಓಡುತ್ತಿದ್ದುದೆಲ್ಲ ನಮ್ಮದೇ ಕೋಡ್.

2017ರ ಇಂಟೆಲ್ ಎಎಂಟಿ (ಮಷಿನ್ನನ್ನು ದೂರದಿಂದಲೇ ನಿರ್ವಹಿಸುವ ಸೌಲಭ್ಯ) ದೋಷದ ಕತೆಯೇ ಬೇರೆ. ಪಾಸ್‌ವರ್ಡ್‌ಗೆ ಉತ್ತರ ಕಳಿಸುವ ಜಾಗ ಖಾಲಿ ಬಿಟ್ಟರೂ ನೆಟ್‌ವರ್ಕ್‌ನಿಂದಲೇ ಅಡ್ಮಿನ್ ಆಗಿ ಒಳಗೆ ಬರಬಹುದಿತ್ತು. ಅಂಥದ್ದಕ್ಕೆ ಪ್ಯಾಚ್ ಕಾಯಬಾರದು, ಅವತ್ತೇ ಎಎಂಟಿ ಬಳಸುವ 16992, 16993 ಮುಂತಾದ ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು) ಮುಚ್ಚಬೇಕು. ಅದೂ ಹೊರಗಿನ ಫೈರ್‌ವಾಲ್‌ನಲ್ಲಿ. ಎಎಂಟಿ ಆಪರೇಟಿಂಗ್ ಸಿಸ್ಟಮ್‌ಗಿಂತ ಕೆಳಗೆ ಕೂತಿರುತ್ತದೆ, ಮಷಿನ್ನಿನ ಸ್ವಂತ ಫೈರ್‌ವಾಲ್‌ಗೆ ಅದು ಕಾಣುವುದೇ ಇಲ್ಲ.

ನೀವೂ ಇಷ್ಟೇ ನೋಡಿ: ಕಳ್ಳ ಎಲ್ಲಿಂದ ಬರಬೇಕು? ನೆಟ್‌ವರ್ಕ್‌ನಿಂದ ಅಂದರೆ ಈಗಲೇ ಪೋರ್ಟ್ ಮುಚ್ಚಿ. ಸುದ್ದಿ ಸುಳ್ಳಾದರೆ ನಾಳೆ ತೆಗೆದರಾಯಿತು, ಅಲ್ವಾ? ಬಯಾಸ್ ಮಾತ್ರ ಮೊದಲು ಒಂದೇ ಒಂದು ಮಷಿನ್ನಿಗೆ ಹಾಕಿ, ಹಳೇದಕ್ಕೆ ವಾಪಸ್ ಹೋಗಿಯೂ ನೋಡಿ. ಅಷ್ಟರಲ್ಲಿ ಮ್ಯಾನೇಜರ್ ಜಾಸ್ತಿ ಕಾಡಿದರೆ ಫೈರ್‌ವಾಲ್‌ನ ಸ್ಕ್ರೀನ್‌ಶಾಟ್ ಕಳಿಸಿ, ಸುಮ್ಮನಾಗುತ್ತಾರೆ.